ಮೈನಸ್ ಕಬ್ಬು

ಕಂಪ್ಯೂಟರ್ ಕಲಿತವರಿಗೆ ಅಂಟುವ ಕಾಯಿಲೆಗಳಲ್ಲಿ ದೊಡ್ಡದು, ತಮ್ಮ ಮೇಜಿನ ಮೇಲೆ ನಡೆದದ್ದು ಲೋಕದಲ್ಲೆಲ್ಲ ನಡೆಯುತ್ತದೆ ಎಂಬ ನಂಬಿಕೆ. ನನಗದು ಜೋರಾಗಿಯೇ ಅಂಟಿತ್ತು. ದಾಂಡೇಲಿಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟು ಸಿ ಭಾಷೆ ಕಲಿಸುತ್ತಿದ್ದ ನನ್ನನ್ನು ಜನ ಸರ್ ಎನ್ನುತ್ತಿದ್ದರು. ಹೀಗಾಗಿ ಕಾಯಿಲೆ ಬಲಿತಿತ್ತು.

ಎರಡು ಸಾವಿರದ ಆಸುಪಾಸಿನಲ್ಲಿ ಹಳಿಯಾಳದಲ್ಲಿ ಒಬ್ಬರು ಲಾರಿ, ಟ್ರ್ಯಾಕ್ಟರ್ ತೂಗುವ ಕಾಟಾ ಹಾಕಿದರು. ಚೀಟಿ ಮುದ್ರಿಸುವ ಪ್ರೋಗ್ರಾಂ ನನ್ನದು. ಸಂಖ್ಯೆ ಇಡಲು ಸಿ ಭಾಷೆಯಲ್ಲಿ ಇಂಟ್ ಎಂಬ ಡಬ್ಬಿಯಿದೆ. ನನ್ನ ಹೊಸ ಯಂತ್ರದಲ್ಲಿ ಅದಕ್ಕೆ ಇನ್ನೂರು ಕೋಟಿ ಹಿಡಿಸುತ್ತಿತ್ತು. ತಾಲೂಕಿನ ಕಬ್ಬೆಲ್ಲ ಒಂದೇ ಗಾಡಿಯಲ್ಲಿ ಬಂದರೂ ಸಾಕೆಂದು ಬೀಗಿದೆ. ಕಾಟಾದಲ್ಲಿದ್ದದ್ದು ಹಳೆಯ ಡಾಸ್ ಯಂತ್ರ. ಅಲ್ಲಿ ಅದೇ ಇಂಟ್ ಹಿಡಿಯುವುದು ಮೂವತ್ತೆರಡು ಸಾವಿರದ ಏಳುನೂರ ಅರವತ್ತೇಳು. ಒಂದು ಹೆಚ್ಚಾದರೂ ಸಂಖ್ಯೆ ತಿರುಗಿ ಮೈನಸ್ಸಿಗೆ ಬೀಳುತ್ತದೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಇದೇ ಪ್ರಶ್ನೆ ಕೇಳಿ ಎಷ್ಟೋ ಮಕ್ಕಳ ಅಂಕ ಕಳೆದಿದ್ದೆ.

ಸಿ ಭಾಷೆಗೆ ನಿಯಮ ಬರೆದ ಹಿರಿಯರೂ ಕಡಿಮೆಯವರಲ್ಲ. ಇಂಟ್ ಕನಿಷ್ಠ ಇಷ್ಟಿರಲಿ, ಮಿಕ್ಕಿದ್ದು ಯಂತ್ರದವರ ಇಷ್ಟ ಎಂದು ಕೈತೊಳೆದುಕೊಂಡರು. ನಮ್ಮ ಅಜ್ಜಿಯ ಕಾಲದಲ್ಲಿ ಸೇರು ಹೀಗೇ ಇತ್ತಂತೆ, ಮುಂಡಗೋಡದ್ದು ಒಂದು, ರಾಮನಗರದ್ದು ಇನ್ನೊಂದು. ಅಜ್ಜಿ ಸಂತೆಗೆ ಹೋಗುವಾಗ ಮನೆಯ ಸೇರನ್ನೇ ಚೀಲದಲ್ಲಿ ಒಯ್ಯುತ್ತಿದ್ದಳು. ಸಿ ಭಾಷೆಯ ಹಿರಿಯರಿಗೆ ಈ ಬುದ್ಧಿ ಬಂದು, ಮೂವತ್ತೆರಡು ಬಿಟ್ ಎಂದು ಅಳತೆಯನ್ನು ಹೆಸರಲ್ಲೇ ಕೆತ್ತಿದ ಡಬ್ಬಿ ಮಾಡುವ ಹೊತ್ತಿಗೆ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಡಾಸ್ ಯಂತ್ರಕ್ಕೆ ಆ ಸುದ್ದಿ ಮುಟ್ಟಿರಲಿಲ್ಲ.

ಕಬ್ಬಿನ ಹಂಗಾಮಿನ ಒಂದು ಮಧ್ಯಾಹ್ನ ಬಸಪ್ಪ ಎಂಬ ರೈತ ಟ್ರ್ಯಾಕ್ಟರಿಗೆ ಜೋಡಿ ಟ್ರೇಲರ್ ಕಟ್ಟಿ ಕಬ್ಬು ಹೇರಿಕೊಂಡು ಬಂದ. ಕಾರ್ಖಾನೆಗೆ ಹಾಕುವ ಮೊದಲು ತನ್ನ ಕೈಯಲ್ಲೊಂದು ತೂಕದ ಚೀಟಿ ಇರಲೆಂದು ಅವನ ಆಸೆ. ವರ್ಷದ ದುಡಿಮೆಗೆ ಅವನಿಗೆ ಬೇರೆ ಸಾಕ್ಷಿಯಿರಲಿಲ್ಲ. ಹೊಗಳಿಕೆ ಕೇಳಲೆಂದು ನಾನೂ ಅಲ್ಲೇ ಕೂತಿದ್ದೆ. ಚೀಟಿಯಲ್ಲಿ ಬಂದದ್ದು ಮೈನಸ್ ಮೂವತ್ತೆರಡು ಸಾವಿರದ ನಾಲ್ಕುನೂರ ಮೂವತ್ತಾರು ಕಿಲೋ. ಬಸಪ್ಪ ಎರಡು ಸಲ ಓದಿ, ಸಾವಕಾಶವಾಗಿ ಕೇಳಿದ.

“ಹಂಗಾದ್ರ ನಾನ ಕಾರ್ಖಾನಿಯಿಂದ ಕಬ್ಬು ತುಂಬಿಕೊಂಡು ಹೊಲಕ್ಕ ಹೋಗಬೇಕೇನ್ರಿ?”

ಮೊದಲು ಕರೆಂಟನ್ನು ಬೈದೆ, ಆಮೇಲೆ ಯಂತ್ರವನ್ನು. ಕೊನೆಗೆ ಒಳಗಿನ ಡಬ್ಬಿ ಸಣ್ಣದೆಂದು ಒಪ್ಪಿಕೊಂಡು, ಸರಿಮಾಡುವ ಫ್ಲಾಪಿ ದಾಂಡೇಲಿಯಲ್ಲಿದೆ, ನಾಳೆ ಬಾ ಎಂದೆ.

“ನಾಳೆತನಕ ಬಿಸಲಾಗ ನಿಂತ್ರ ಕಬ್ಬು ಒಣಗಿ ತೂಕ ಇಳೀತೈತ್ರಿ. ಡಬ್ಬಿ ಸಣ್ಣದಿದ್ರ ಎರಡು ಸಲ ತೂಗ್ರಿ.”

ಹಿಂದಿನ ಟ್ರೇಲರ್ ಬಿಚ್ಚಿ ಎರಡು ಚೀಟಿ ಮಾಡಿಸಿ, ಒಂದು ಚೀಟಿಯ ಬೆನ್ನಿಗೆ ಪೆನ್ಸಿಲಿನಿಂದ ಕೂಡಿಸಿದ. ಮೂವತ್ತಮೂರು ಸಾವಿರದ ನೂರು. ದೊಡ್ಡ ಸಂಖ್ಯೆಯನ್ನು ಎರಡು ಸಣ್ಣ ಡಬ್ಬಿಗಳಲ್ಲಿ ಹಂಚಿಡುವುದೇ ಆ ಹಳೆಯ ಯಂತ್ರದ ಪದ್ಧತಿ. ಇಂಟ್ ಬದಲು ಲಾಂಗ್ ಎಂಬ ದೊಡ್ಡ ಡಬ್ಬಿಯ ಹೆಸರು ಬರೆದಿದ್ದರೆ ಯಂತ್ರ ತಾನೇ ಹಾಗೆ ಮಾಡಿಕೊಳ್ಳುತ್ತಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಆ ಮೈನಸ್ ಚೀಟಿಯನ್ನಾದರೂ ಹರಿದುಹಾಕು ಎಂದು ಕೇಳಿಕೊಂಡೆ. ಮನೆಯಲ್ಲಿ ತೋರಿಸಬೇಕೆಂದು ಬಸಪ್ಪ ಅದನ್ನು ಕಿಸೆಗೆ ಹಾಕಿಕೊಂಡ. ಚೀಟಿಯ ಅಡಿಯಲ್ಲಿ ಪ್ರೋಗ್ರಾಂ ಬರೆದವನ ಹೆಸರು ದಪ್ಪಕ್ಷರದಲ್ಲಿ ಬರುವಂತೆ ನಾನೇ ಮಾಡಿದ್ದೆ. ಅದೊಂದು ಮಾತ್ರ ಎರಡೂ ಯಂತ್ರಗಳಲ್ಲಿ ಸರಿಯಾಗಿ ಬರುತ್ತಿತ್ತು.