ಬ್ರೇಕಿನ ಮೇಲೆ ಅತ್ತೆಯ ಕಾಲು

ಮದುವೆಯಾಗಿ ವರ್ಷ ದಾಟಿದ್ದರೂ ನನ್ನ ಅತ್ತೆ ನನ್ನೊಡನೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಸಿಟ್ಟೇನಿಲ್ಲ, ಅದು ಅವರ ಮರ್ಯಾದೆ. ತಿಂಥಣಿಯ ಅವರ ಮನೆಯಲ್ಲಿ ನಾನು ಎದುರಿಗೇ ಉಣ್ಣುತ್ತ ಕೂತಿದ್ದರೂ ಸೆರಗು ಎಳೆದುಕೊಂಡು ಮಗಳ ಕಡೆ ತಿರುಗಿ, "ಅಳಿಯಂದ್ರಿಗಿ ಕೇಳವಾ, ಇನ್ನೊಂದು ರೊಟ್ಟಿ ಹಾಕ್ಲೇನಂತ" ಎನ್ನುವರು. ನಾನೂ ಹೆಂಡತಿಗೆ, "ಸಾಕಂತ ಹೇಳು" ಎನ್ನುವೆ. ಅಷ್ಟರಲ್ಲಿ ರೊಟ್ಟಿ ತಟ್ಟೆಗೆ ಬಿದ್ದಿರುತ್ತಿತ್ತು.

ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದ ದಿನಗಳವು. ನಾನು ಯಾದಗಿರಿಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ನೋವು ಬಂದರೆ ಸುರಪುರದ ಆಸ್ಪತ್ರೆಗೆ ಓಡಬೇಕಲ್ಲ ಎಂದು ಹಳೆಯದೊಂದು ಡೀಸೆಲ್ ಕಾರು ಕೊಂಡು, ರಜೆ ಹಾಕಿ, ಅದರಲ್ಲೇ ತಿಂಥಣಿಗೆ ಬಂದೆ. ಅಂಗಳದಲ್ಲಿ ಬಾನೆಟ್ ಎತ್ತಿ ನೋಡಿದರೆ ಟೈಮಿಂಗ್ ಬೆಲ್ಟಿನ ತುಂಬ ಬಿರುಕು! ಅದು ದಾರಿಯಲ್ಲಿ ಹರಿದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಎಂಜಿನ್ನೇ ಹಾಳು. ಮರುದಿನವೇ ಶಹಾಪುರಕ್ಕೆ ಬಸ್ಸಿನಲ್ಲಿ ಹೋಗಿ ಹೊಸ ಬೆಲ್ಟು ತಂದೆ.

ತೊಡಕಿದ್ದದ್ದು ಒಂದು ಬೋಲ್ಟಿನಲ್ಲಿ. ಎಂಜಿನ್ನಿನ ಕೆಳಗೆ ಕ್ರ್ಯಾಂಕ್‌ಶಾಫ್ಟ್ ಎಂಬ ದಪ್ಪ ದಂಡ ತಿರುಗುತ್ತದೆ. ಅದರ ತುದಿಯ ಬೋಲ್ಟನ್ನು ಬಿಚ್ಚದೆ ಹಳೆಯ ಬೆಲ್ಟು ಹೊರಗೆ ಬಾರದು. ಬೋಲ್ಟು ಬಿಚ್ಚುವ ಪಾನಾ ಹಾಕಿ ಎಳೆದರೆ ಬೋಲ್ಟಿನ ಜೊತೆ ದಂಡವೂ ತಿರುಗುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಹತ್ಯಾರ ಗ್ಯಾರೇಜಿನಲ್ಲಿತ್ತು, ನನ್ನ ಹತ್ತಿರ ಇರಲಿಲ್ಲ. ಉಳಿದ ದಾರಿಯೆಂದರೆ ಐದನೇ ಗೇರ್ ಹಾಕಿ, ಒಳಗೆ ಯಾರನ್ನಾದರೂ ಕೂರಿಸಿ ಬ್ರೇಕ್ ಒತ್ತಿಸುವುದು. ಚಕ್ರ ನಿಂತರೆ ದಂಡವೂ ನಿಲ್ಲುತ್ತದೆ.

ಮಾವ ಹೊಳೆಗೆ ಬಲೆ ಹಾಕಲು ಹೋಗಿದ್ದರು. ಹೆಂಡತಿ ಸ್ಟೇರಿಂಗಿನ ಹಿಂದೆ ಕೂಡಲು ನೋಡಿದಳು. ತುಂಬು ಹೊಟ್ಟೆ, ಜಾಗ ಸಾಲಲಿಲ್ಲ. ನಗುತ್ತ ಇಳಿದು, "ಅವ್ವನ್ನ ಕೂಡಸ್ರಿ" ಎಂದಳು.

"ಅಳಿಯಂದ್ರಿಗಿ ಹೇಳವಾ, ನನಗ ಗಾಡಿ ಓಡ್ಸಾಕ ಬರಂಗಿಲ್ಲಂತ."

"ಓಡ್ಸೂದಲ್ಲಂತ ಹೇಳು. ಬರೇ ಹಿಡ್ಕೊಂಡು ಕೂಡೂದು."

ಅತ್ತೆ ಬೀಗರ ಮನೆಗೆ ಬಂದವರಂತೆ ಸೀಟಿನ ಅಂಚಿಗೆ ಕೂತರು. ನಾನು ಕೆಳಗಿನಿಂದ ಪಾನಾ ಎಳೆದೆ. ದಂಡ ತಿರುಗಿತು. ಇನ್ನೊಮ್ಮೆ ಎಳೆದೆ, ಇನ್ನೊಮ್ಮೆ ತಿರುಗಿತು. ಗ್ಯಾರೇಜಿನ ಅಭ್ಯಾಸ ನೋಡಿ, ಬಾಯಿ ಜೋರಾಯಿತು.

"ಒತ್ರಿ! ಇನ್ನಾ ಗಟ್ಟಿ ಒತ್ರಿ!"

ಕೂಗಿದ್ದು ಯಾರಿಗೆಂದು ಆಮೇಲೆ ಹೊಳೆಯಿತು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಗಾಡಿಯೊಳಗಿನಿಂದ ಅಷ್ಟೇ ಜೋರಾಗಿ ಉತ್ತರ ಬಂತು.

"ಒತ್ತಾಕತ್ತೇನಲ್ರಿ! ಇದು ಕಲ್ಲಾಗೇದ. ಚಪ್ಪಲಿ ಜಾರತಾವ, ತಡೀರಿ."

ಎರಡೂ ಚಪ್ಪಲಿ ಬಾಗಿಲಿನಿಂದ ಹಾರಿ ಅಂಗಳಕ್ಕೆ ಬಿದ್ದವು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆನ್ನನ್ನು ಸೀಟಿಗೆ ಒತ್ತಿ, ಎರಡೂ ಕಾಲು ಬ್ರೇಕಿಗೆ ಕೊಟ್ಟು, "ಹೂಂ, ಎಳೀರಿ" ಎಂದರು. ಮೈಭಾರವನ್ನೆಲ್ಲ ಪಾನಾದ ಮೇಲೆ ಹಾಕಿದೆ. ಬೋಲ್ಟು ಟಪ್ಪೆಂದು ಸಡಿಲವಾಯಿತು.

ಗೇರ್ ತೆಗೆದು, ಎಂಜಿನ್ನಿನ ಗುರುತುಗಳನ್ನು ಸರಿಹೊಂದಿಸಿ, ಮತ್ತೆ ಗೇರಿಗೆ ಹಾಕಿದೆ.

"ಅತ್ತ್ಯಾರ, ಹೊಸಾ ಬೆಲ್ಟ್ ಕೂಡೂತನಕ ಕಾಲು ತೆಗೀಬ್ಯಾಡ್ರಿ. ದಂಡ ಚೂರು ತಿರುಗಿದ್ರೂ ಕೆಲಸ ಕೆಡ್ತದ."

"ನೀವು ನಿಮ್ಮ ಕೆಲಸ ನೋಡ್ರಿ."

ಅವರು ಸೀಟು ಬಿಡುವಂತಿಲ್ಲ, ನಾನು ಎಂಜಿನ್ ಬಿಡುವಂತಿಲ್ಲ. ಮಾತು ತಾನಾಗಿ ಶುರುವಾಯಿತು. ಯಾದಗಿರಿಯಲ್ಲಿ ಊಟಕ್ಕೇನು ಮಾಡುತ್ತೀರಿ, ಇಷ್ಟು ಸೊರಗಿದ್ದೇಕೆ, ನನ್ನ ಮಗಳು ಬೆಳಿಗ್ಗೆ ಬೇಗ ಏಳುತ್ತಾಳೋ ಇಲ್ಲವೋ, ಒಂದೊಂದಾಗಿ ಕೇಳಿದರು. ಕೊನೆಯದಕ್ಕೆ ನಾನು ಉತ್ತರಿಸುವ ಮೊದಲೇ ಹೆಂಡತಿ ಮನೆಯೊಳಗಿನಿಂದ, "ಏಳ್ತೀನವಾ!" ಎಂದು ಕೂಗಿದಳು.

ಅಷ್ಟರಲ್ಲಿ ಮಾವ ಮೀನಿನ ಬುಟ್ಟಿ ಹಿಡಿದು ಬಂದರು. ಅತ್ತೆ ಡ್ರೈವರ್ ಸೀಟಿನಲ್ಲಿ ಕೂತದ್ದು ಕಂಡು ಖುಷಿಯಾಗಿ, ಆಚೆ ಬಾಗಿಲು ತೆರೆದು, "ಇದೇನೇ ಇದು?" ಎನ್ನುತ್ತ ಗೇರಿಗೇ ಕೈ ಹಾಕಿದರು.

"ಕೈ ತೆಗೀರಿ!" ಅತ್ತೆಯ ದನಿಗೆ ನನ್ನ ಕೈಯ ಪಾನಾ ಜಾರಿತು. "ಒಳಗ ದಂಡ ತಿರುಗಿದ್ರ ನಿಮ್ಮನ್ನ ಹೊಳಿಯಾಗ ತಿರುಗಸ್ತೀನಿ ನೋಡ್ರಿ!"

ಯಾವ ದಂಡ ಎಂದು ಕೇಳುವ ಧೈರ್ಯ ಮಾವನಿಗೆ ಬರಲಿಲ್ಲ. ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತರು.

ಬೆಲ್ಟು ಕೂತಿತು. ಗೇರ್ ತೆಗೆದು, ಅತ್ತೆಗೆ ಕಾಲು ತೆಗೆಯಲು ಹೇಳಿ, ದಂಡವನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿದೆ. ಗುರುತುಗಳು ಸರಿಯಾಗಿ ಬಂದು ನಿಂತವು. ಮತ್ತೆ ಗೇರಿಗೆ ಹಾಕಿ, ಇನ್ನೊಮ್ಮೆ ಬ್ರೇಕ್ ಒತ್ತಿಸಿ ಬೋಲ್ಟು ಬಿಗಿದೆ. ಗೇರ್ ತೆಗೆದು ಚಾವಿ ತಿರುಗಿಸಿದಾಗ ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಅತ್ತೆ ಇಳಿಯಲಿಲ್ಲ, ಪಕ್ಕದ ಸೀಟಿಗೆ ಸರಿದು, "ನಡೀರಿ, ಹೆಂಗ ಓಡ್ತದ ನೋಡೂಣು" ಎಂದರು. ಹೊಳೆಯ ಸೇತುವೆಯ ತನಕ ಹೋಗಿ ಬಂದೆವು.

ವಾರದೊಳಗೆ ಒಂದು ಮಧ್ಯಾಹ್ನ ನೋವು ಬಂತು. "ತಗ್ಗು ಅದ, ಸಾವಕಾಶ" ಎಂದು ಅತ್ತೆ ಹಿಂದಿನ ಸೀಟಿನಿಂದ ಸುರಪುರದ ತನಕ ನನ್ನನ್ನು ಓಡಿಸಿದರು. ಸಂಜೆಗೆ ಹೆಣ್ಣುಮಗು. ಎತ್ತಿಕೊಳ್ಳಲು ಕೈ ಚಾಚಿದೆ. ಅತ್ತೆ ನನ್ನ ಉಗುರು ನೋಡಿ, "ಮೊದಲ ಕೈ ತೊಳಕೊಂಡು ಬರ್ರಿ" ಎಂದರು. ಸಾಬೂನು ಹಚ್ಚಿ ಎಷ್ಟು ತಿಕ್ಕಿದರೂ ಗ್ರೀಸಿನ ಕಪ್ಪು ಪೂರ್ತಿ ಹೋಗಲಿಲ್ಲ. ತಿರುಗಿ ಬಂದು ತೋರಿಸಿದೆ. ಅವರು ನಕ್ಕು ಕೂಸನ್ನು ಕೊಟ್ಟರು.