ಹಿಂದಿನ ಸೀಟಿನ ನಿದ್ದೆ

ಆ ಶಾಲಾ ವ್ಯಾನಿನಲ್ಲಿ ಗಂಡ ಸ್ಟಿಯರಿಂಗ್ ಹಿಡಿಯುತ್ತಿದ್ದ, ಹೆಂಡತಿ ಬಾಗಿಲು ಕಾಯುತ್ತಿದ್ದಳು. ಮಕ್ಕಳ ಪಾಲಿಗೆ ಅವನು ಡ್ರೈವರ್ ಮಾಮ, ಅವಳು ವ್ಯಾನಕ್ಕ.

ವ್ಯಾನಕ್ಕನ ಕೆಲಸ ನೋಡುವವರಿಗೆ ಸುಲಭ. ಬೆಲ್ಟು ಹಾಕುವುದು, ಮೂಗು ಒರೆಸುವುದು, ಜಗಳ ಬಿಡಿಸುವುದು. ಆದರೆ ಯಾವ ಮಗು ಕಿಟಕಿ ಪಕ್ಕ ಕೂತರೆ ವಾಂತಿ ಮಾಡುವುದಿಲ್ಲ, ಯಾವುದನ್ನು ಅದರ ಅಣ್ಣನ ಹತ್ತಿರ ಕೂರಿಸಬಾರದು, ಯಾವುದು ದಾರಿಯುದ್ದಕ್ಕೂ ಅತ್ತು ಗೇಟು ಕಂಡ ಕೂಡಲೇ ನಗುತ್ತದೆ, ಎಲ್ಲವೂ ಅವಳಿಗೆ ಬಾಯಿಪಾಠ. ಬೈಗುಳವೂ ಬಾಯಿಪಾಠ.

"ಲೋ, ಕೈ ಒಳಗಿಡೋ! ಆ ಕೈಯಲ್ಲೇ ನಾಳೆ ಅನ್ನ ತಿನ್ಬೇಕು ನೀನು."

"ಅಮ್ಮ ತಿನ್ನಿಸ್ತಾಳೆ ಬಿಡಕ್ಕಾ," ಎನ್ನುವ ತರಲೆಯೊಬ್ಬ ಪ್ರತಿ ವರ್ಷವೂ ಸಿಗುತ್ತಿದ್ದ.

ಸಂಜೆ ಎಲ್ಲರನ್ನೂ ಇಳಿಸಿ ವ್ಯಾನು ಶೆಡ್ಡಿಗೆ ಬಂದ ಮೇಲೆ ಅವಳದೊಂದು ಕ್ರಮವಿತ್ತು. ಮುಂದಿನಿಂದ ಹಿಂದಿನವರೆಗೆ ಸೀಟುಗಳ ಕೆಳಗೆ ಬಗ್ಗಿ ನೋಡಿ, ಬಿದ್ದಿದ್ದ ನೀರಿನ ಬಾಟಲಿ, ರಬ್ಬರು, ಒಂಟಿ ಕಾಲುಚೀಲ ಆರಿಸಿಕೊಂಡು, ವ್ಯಾನಿನ ತಗಡನ್ನು ತಟ್ಟಿ "ಖಾಲಿ" ಎನ್ನುತ್ತಿದ್ದಳು. ಅದು ಕೇಳಿಸಿದ ಮೇಲೆಯೇ ಅವನು ಎಂಜಿನ್ ಆರಿಸುವುದು. ಆ ಮಾತು ನಿಜವೋ ಎಂದು ಅವನು ಒಂದು ದಿನವೂ ತಿರುಗಿ ನೋಡಿದವನಲ್ಲ.

ಅವರಿಗೆ ಮಕ್ಕಳಿರಲಿಲ್ಲ. ಮದುವೆಯಾಗಿ ಹತ್ತು ವರ್ಷ ದಾಟಿತ್ತು. ಮನೆಯಲ್ಲಿ ಫ್ರಿಜ್ ಇಲ್ಲದ್ದರಿಂದ ಆಸ್ಪತ್ರೆಯವರು ಕೊಟ್ಟ ಇಂಜೆಕ್ಷನ್ನುಗಳು ಪಕ್ಕದ ಮನೆಯ ಫ್ರಿಜ್ಜಿನಲ್ಲಿ, ಹಾಲಿನ ಪಾತ್ರೆಯ ಹಿಂದೆ ಇರುತ್ತಿದ್ದವು. ಹಾಗಾಗಿ ಅವಳ ಹೊಟ್ಟೆಯ ಸುದ್ದಿ ಅವಳಿಗಿಂತ ಮೊದಲು ಬೀದಿಗೆ ಗೊತ್ತಾಗುತ್ತಿತ್ತು. ಪರೀಕ್ಷೆಗಳೆಲ್ಲ ಮುಗಿದಾಗ ಡಾಕ್ಟರು, "ಇಬ್ಬರಲ್ಲೂ ಏನೂ ತೊಂದರೆ ಕಾಣ್ತಿಲ್ಲ," ಎಂದಿದ್ದರು, ಒಳ್ಳೆಯ ಸುದ್ದಿ ಕೊಡುವವರ ದನಿಯಲ್ಲಿ. ತೊಂದರೆ ಒಬ್ಬರಲ್ಲಿದ್ದಿದ್ದರೆ ಒಬ್ಬರು ಅಳಬಹುದಿತ್ತು, ಇನ್ನೊಬ್ಬರು ಕಣ್ಣೊರೆಸಬಹುದಿತ್ತು. ಈಗ ಯಾರು ಮೊದಲು ಅಳಬೇಕೆಂಬುದೇ ತಿಳಿಯದೆ ಇಬ್ಬರೂ ಸುಮ್ಮನಾದರು.

ಅತ್ತೆ ಕೆಟ್ಟವರಲ್ಲ. ಬಾಯಿ ಮಾತ್ರ ಬ್ರೇಕಿಲ್ಲದ ಗಾಡಿ. "ಊರ ಮಕ್ಕಳ ಮೂಗು ಒರೆಸೀ ಒರೆಸೀ ನಿನ್ನ ಸೆರಗೇ ಸವೀತಲ್ಲೇ. ನಮ್ಮನೇದೊಂದು ಮೂಗು ಯಾವಾಗ?" ಎನ್ನುವರು.

"ಅಮ್ಮಾ, ಈ ಮನೆಗೆ ನಿನ್ನ ಮೂಗೇ ಸಾಕು. ಎಲ್ಲಾದ್ರಲ್ಲೂ ತೂರಿಸ್ತೀಯಲ್ಲ," ಎಂದು ಮಗ ನಗಿಸುತ್ತಿದ್ದ. ಸೊಸೆಯೂ ನಗುತ್ತಿದ್ದಳು. ನಕ್ಕು, ಬಟ್ಟೆ ಒಗೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಡುತ್ತಿದ್ದಳು.

ಈ ವರ್ಷ ಇಬ್ಬರೂ ಒಂದು ಮಾತಿಗೆ ಬಂದಿದ್ದರು. ಇದೊಂದು ಸಲ ಚಿಕಿತ್ಸೆ ಮಾಡಿಸಿ ನೋಡುವುದು, ಇದೇ ಕೊನೆ.

ಆ ಕೊನೆಯ ಸಲದ ಫಲಿತಾಂಶ ಬಂದದ್ದು ಒಂದು ಮಧ್ಯಾಹ್ನ. ಶಾಲೆಯ ಅಂಗಳದಲ್ಲಿ ವ್ಯಾನು ನಿಂತಿತ್ತು. ಅವಳು ಸೀಟು ಒರೆಸುತ್ತಿದ್ದಳು. ಫೋನಿನಲ್ಲಿ ನರ್ಸಮ್ಮ, "ಈ ಸಲಾನೂ ಗರ್ಭ ನಿಂತಿಲ್ಲಮ್ಮಾ. ಮನಸ್ಸಿಗೆ ಹಚ್ಕೋಬೇಡಿ," ಎಂದಳು. ಇವಳು "ಸರಿ ಸಿಸ್ಟರ್, ಥ್ಯಾಂಕ್ಸ್" ಎಂದು ಫೋನ್ ಇಟ್ಟು, ಒರೆಸಿದ ಸೀಟನ್ನೇ ಮತ್ತೆ ಒರೆಸಿದಳು. ಗಂಡ ಅಂಗಳದ ಆ ಬದಿಯಲ್ಲಿ ಬೇರೆ ಡ್ರೈವರುಗಳ ಜೊತೆ ನಿಂತಿದ್ದ. ಅವನಿಗೆ ಹೇಳಲಿಲ್ಲ. ಸಂಜೆ ಅಷ್ಟು ಮಕ್ಕಳನ್ನು ಮನೆ ಸೇರಿಸಬೇಕಾದ ಕೈ ಅದು, ನಡುಗುವುದು ಬೇಡ ಎಂದುಕೊಂಡಳು.

ಸಂಜೆಯ ದಾರಿಯಲ್ಲಿ ಕೊನೆಯ ನಿಲುಗಡೆ ಒಂದು ನಾಲ್ಕು ಮಹಡಿಯ ಕಟ್ಟಡ. ಅಲ್ಲಿ ಮಕ್ಕಳು ಹಿಂಡಾಗಿ ಇಳಿಯುತ್ತಾರೆ. ಕಾವಲುಗಾರ ಗೇಟು ತೆಗೆದು ಒಳಗೆ ಬಿಟ್ಟುಕೊಳ್ಳುತ್ತಾನೆ. ಆ ಹಿಂಡಿನಲ್ಲಿ ಎಲ್ಲರಿಗಿಂತ ಚಿಕ್ಕವಳು ಗುಬ್ಬಿ, ಅದೇ ವರ್ಷ ಎಲ್‌ಕೆಜಿಗೆ ಸೇರಿದವಳು. ವ್ಯಾನಕ್ಕ ಒಬ್ಬೊಬ್ಬರನ್ನೇ ಕೈ ಹಿಡಿದು ಇಳಿಸಿದಳು. ಕೈ ಅಲ್ಲಿತ್ತು, ಮನಸ್ಸು ಎಲ್ಲಿತ್ತೋ. ವ್ಯಾನು ಹೊರಟಿತು.

ಶೆಡ್ಡಿನಲ್ಲಿ ಎಂದಿನಂತೆ ಬಗ್ಗಿ ನೋಡುತ್ತಾ ಹಿಂದೆ ಬಂದಾಗ, ಕಡೆಯ ಸೀಟಿನಲ್ಲಿ ಗುಬ್ಬಿ ಮಲಗಿದ್ದಳು. ಬ್ಯಾಗನ್ನೇ ತಬ್ಬಿಕೊಂಡು, ಬಾಯಿ ತೆರೆದುಕೊಂಡು. ಕೆನ್ನೆಗೆ ರೆಕ್ಸಿನ್ನಿನ ಹೊಲಿಗೆಯ ಗೆರೆ ಒತ್ತಿತ್ತು. ವ್ಯಾನಕ್ಕ ಎಬ್ಬಿಸಲು ಕೈ ಚಾಚಿದಳು. ಕೈ ಬೆವರಿದ ಹಣೆಯ ಮೇಲೆ ಹೋಗಿ ಅಲ್ಲೇ ನಿಂತಿತು.

"ಏನೇ, ಆಯ್ತಾ?" ಎಂದ ಗಂಡ ಮುಂದಿನಿಂದ.

ಇನ್ನೊಂದು ಕೈಯಿಂದ ಅವಳು ತಗಡು ತಟ್ಟಿದಳು. "ಖಾಲಿ."

ಎಂಜಿನ್ ನಿಂತಿತು. "ನಾನೊಂದು ಟೀ ಕುಡಿದು ಬರ್ತೀನಿ," ಎಂದವನೇ ಇಳಿದು ಹೋದ. ಬೇರೆ ದಿನ ಇಬ್ಬರೂ ಜೊತೆಯಲ್ಲೇ ಹೋಗುತ್ತಿದ್ದರು. ಇವತ್ತು ಯಾಕಿಲ್ಲ ಎಂದು ಅವಳು ಕೇಳಲಿಲ್ಲ.

ಸೀಟಿನ ಅಂಚಿನಲ್ಲಿ ಕೂತು ಮಗುವಿನ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಕದಿಯಬೇಕೆಂದಲ್ಲ. ಮನೆಗೆ ಎತ್ತಿಕೊಂಡು ಹೋಗಬೇಕೆಂದೂ ಅಲ್ಲ. ಎದ್ದರೆ ಈ ಮಗು "ಅಮ್ಮ ಎಲ್ಲಿ?" ಎನ್ನುತ್ತದೆ. ಅಲ್ಲಿಯವರೆಗೆ ಇರಲಿ, ಅಷ್ಟೇ. ಶೆಡ್ಡಿನ ತಗಡಿನ ಮೇಲೆ ಕಾಗೆಯೊಂದು ಹೆಜ್ಜೆ ಹಾಕುತ್ತಿತ್ತು. ಅದರ ಸದ್ದಿಗೆ ಮಗು ಎದ್ದೀತೆಂದು ಅವಳು ಮಗುವಿನ ಕಿವಿಯ ಮೇಲೆ ಅಂಗೈ ಇಟ್ಟಳು.

ಟೀ ಅಂಗಡಿಯಲ್ಲಿ ಗಂಡನ ಫೋನ್ ಬಡಿದುಕೊಂಡಿತು. ಗುಬ್ಬಿಯ ಅಮ್ಮ. "ಅಣ್ಣಾ, ಪಾಪು ಮೇಲೆ ಬಂದಿಲ್ಲ. ವ್ಯಾನಲ್ಲೇ ಇದ್ದಾಳಾ?"

"ಇಲ್ಲ ಮೇಡಂ, ವ್ಯಾನ್ ಖಾಲಿ. ನಮ್ಮನೆಯವಳು ನೋಡದೆ ಹೇಳೋಳಲ್ಲ. ಅಲ್ಲೇ ಯಾರ ಮನೇಲೋ ಆಡ್ತಿರ್ಬೇಕು."

ಟೀ ಇನ್ನೂ ಅರ್ಧ ಇರುವಾಗ ಮತ್ತೆ ಫೋನ್. ಈ ಸಲ ಆ ದನಿ ಬೇರೆಯೇ ಆಗಿತ್ತು. "ಎಲ್ಲಾ ಮನೇನೂ ನೋಡಾಯ್ತು ಅಣ್ಣಾ. ಗೇಟಿನ ಹತ್ರ ನೀರಿನ ತೊಟ್ಟಿ ಮುಚ್ಚಳ ತೆಗೆದಿತ್ತು... ವಾಚ್‌ಮನ್‌ನ ಒಳಗೆ ಇಳಿಸಿದೀವಿ..."

ಅವನಿಗೆ ತೋಚಿದ್ದು ಒಂದೇ, ವ್ಯಾನು ತೆಗೆದುಕೊಂಡು ಹುಡುಕಲು ಹೋಗುವುದು. ಓಡಿ ಬಂದು ಬಾಗಿಲೆಳೆದ. ಹೆಂಡತಿ ತುಟಿಗೆ ಬೆರಳಿಟ್ಟು "ಶ್" ಎಂದಳು. ಆಮೇಲೆ ಅವನ ಮುಖ ನೋಡಿದಳು.

"ಲೇ... ಅಲ್ಲಿ ತೊಟ್ಟಿಗೆ ಇಳಿದಿದ್ದಾರೆ ಕಣೇ," ಎಂದ. ಬೈಯಲೂ ಆಗದ ದನಿ. ಬಾಗಿಲಲ್ಲೇ ನಿಂತು ಫೋನ್ ಮಾಡಿದ. "ಇದ್ದಾಳೆ ಮೇಡಂ. ಇಲ್ಲೇ ಇದ್ದಾಳೆ. ಕರ್ಕೊಂಡು ಬರ್ತಿದೀವಿ."

ಕಟ್ಟಡದ ಮುಂದೆ ಜನ ಸೇರಿದ್ದರು. ಕಾವಲುಗಾರ ಸೊಂಟದವರೆಗೆ ನೆನೆದು ನಿಂತಿದ್ದ. ಗುಬ್ಬಿಯ ಅಮ್ಮನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮಗುವನ್ನು ಕಿತ್ತುಕೊಂಡು ಮೈಯೆಲ್ಲ ಸವರಿದಳು, ಎಲ್ಲಾದರೂ ಮುರಿದಿದೆಯೇ ಎಂದು ನೋಡುವವರಂತೆ.

"ನಂದೇ ತಪ್ಪು ಮೇಡಂ. ಹಿಂದೆ ನೋಡದೆ ಬಾಗಿಲು ಹಾಕ್ಬಿಟ್ಟೆ," ಎಂದ ಡ್ರೈವರ್ ಮಾಮ.

"ಏನ್ರೀ ಮನುಷ್ಯ ನೀವು? ನಿಮಗೂ ಒಂದು ಮಗು ಇದ್ದಿದ್ರೆ..." ಎಂದವಳು ಅಲ್ಲೇ ತಡೆದಳು. ಆದರೆ ಮಾತು ಆಗಲೇ ಎಲ್ಲರಿಗೂ ಕೇಳಿಸಿಯಾಗಿತ್ತು.

"ಅವರಲ್ಲ, ನಾನು," ಎಂದಳು ವ್ಯಾನಕ್ಕ. "ಮಲಗಿದ್ದನ್ನ ನಾನು ನೋಡ್ದೆ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಖಾಲಿ ಅಂತ ಸುಳ್ಳು ಹೇಳ್ದೆ. ನೀವು ಹಿಂಗೆ ಹುಡುಕ್ತಿರ್ತೀರ ಅಂತ... ನಿಮ್ಮ ನೆನಪೇ ಬರ್ಲಿಲ್ಲ ನಂಗೆ."

ಆ ತಾಯಿ ಮಗುವನ್ನು ವ್ಯಾನಕ್ಕ ನಿಂತಿದ್ದ ಬದಿಯಿಂದ ಇನ್ನೊಂದು ಸೊಂಟಕ್ಕೆ ಬದಲಿಸಿ, ಮೆಟ್ಟಿಲು ಹತ್ತಿದಳು. ಅಷ್ಟರಲ್ಲಿ ಎಚ್ಚರವಾಗಿದ್ದ ಗುಬ್ಬಿ ಅಮ್ಮನ ಹೆಗಲ ಮೇಲಿಂದ "ಟಾಟಾ ಅಕ್ಕಾ" ಎಂದು ಕೈಬೀಸಿದಳು.

ವಾಪಸ್ಸು ಬರುವ ದಾರಿಯಲ್ಲಿ ಅವನು ಕೇಳಿದ.

"ಸುಮ್ನಿರೋಕಾಗ್ತಿರ್ಲಿಲ್ವಾ? ನಾನು ಹೊತ್ಕೋತಿದ್ನಲ್ಲ."

"ನೀವು ಹೊತ್ಕೊಂಡಿದ್ರೆ ನಾಳೆ ಮತ್ತೆ ನಾನೇ ಆ ಬಾಗಿಲಲ್ಲಿ ನಿಲ್ತಿದ್ದೆ. ಅದು ಬೇಡ ಕಣ್ರೀ. ನನ್ನ ಮೇಲೆ ನಂಗೇ ನಂಬಿಕೆ ಇಲ್ಲ." ಕಿಟಕಿಯ ಕಡೆ ತಿರುಗಿ, "ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂದಿತ್ತು," ಎಂದಳು.

"ಗೊತ್ತು. ನಂಗೂ ಮಾಡಿದ್ರು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನ್ಯಾಕೆ ಹೇಳ್ಲಿಲ್ಲ?"

ಅವನು ವ್ಯಾನನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ. ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಅತ್ತ. ಹಣೆ ಒತ್ತಿ ಹಾರ್ನ್ ಬಾಯಿಬಿಟ್ಟಿತು. "ಏನಯ್ಯಾ, ಯಾರನ್ನ ಎಬ್ಬಿಸ್ತಿದೀಯ?" ಎಂದು ಸೈಕಲ್ಲಿನವನೊಬ್ಬ ಬೈದುಕೊಂಡು ಹೋದ. ಅವಳು ಅವನ ತಲೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತನ್ನ ಹೆಗಲಿಗೆ ಒರಗಿಸಿಕೊಂಡಳು.

ಶಾಲೆಯವರು ಅವನನ್ನು ಉಳಿಸಿಕೊಂಡರು, ಅವಳನ್ನು ಬಿಡಿಸಿದರು. ಅತ್ತೆ ಆಮೇಲೆ ಮೂಗಿನ ಮಾತೆತ್ತುವುದನ್ನು ಬಿಟ್ಟರು. ಕೆಲವು ವಾರ ಮನೆಯಲ್ಲೇ ಕೂತು, ಕೊನೆಗೆ ಅವಳು ಒಂದು ಹಾಸ್ಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಹಿಡಿದಳು. ಅಲ್ಲಿ ದಿನವಿಡೀ ಹಬೆ, ಸೋಪಿನ ವಾಸನೆ, ಯಂತ್ರಗಳ ಗುಡುಗು. ಜೊತೆಗೆ ಕೆಲಸ ಮಾಡುವ ದೊಡ್ಡ ಹೆಂಗಸೊಬ್ಬಳು ಮೊದಲ ದಿನವೇ ಕೇಳಿದಳು, "ಮಕ್ಕಳೆಷ್ಟಮ್ಮಾ?"

"ಇಲ್ಲಕ್ಕಾ."

"ಇನ್ನೂ ಆಗಿಲ್ವಾ?"

"ಇಲ್ಲ. ಆಗಲ್ಲ."

ಅದನ್ನು ಇಷ್ಟು ಗಟ್ಟಿಯಾಗಿ ಅವಳು ಯಾರೆದುರೂ ಹೇಳಿರಲಿಲ್ಲ. ಯಂತ್ರದ ಸದ್ದಿನಲ್ಲಿ ಕೂಗಿಯೇ ಹೇಳಬೇಕಾಯಿತು. "ಸರಿ, ಆ ತುದಿ ಹಿಡ್ಕೋ," ಎಂದು ಆ ಹೆಂಗಸು ಒದ್ದೆ ಹೊದಿಕೆಯ ಅಂಚನ್ನು ಅವಳತ್ತ ಎಸೆದಳು. ಹೊದಿಕೆ ಭಾರವಾಗಿತ್ತು. ಇಬ್ಬರೂ ಎದುರುಬದುರು ನಿಂತು ಹಿಂಡತೊಡಗಿದರು.