ಸಾಹೇಬನ ಭಾಷೆ ಕಲಿತ ಗಿಣಿ

ಬೂಟಿನ ಕಾರ್ಖಾನೆಯಲ್ಲಿ ಸಾವಿರದ ಇನ್ನೂರು ಜನ. ಕೊರಿಯಾದಿಂದ ಬಂದ ಸಾಹೇಬನ ಭಾಷೆ ಬಲ್ಲವಳು ಅವರಲ್ಲಿ ಒಬ್ಬಳೇ. ಕೆಲಸದ ಹೆಂಗಸರು ಅವಳಿಗೆ ಗಿಣಿ ಎಂದು ಹೆಸರಿಟ್ಟಿದ್ದರು. ಅದರೊಳಗಿನ ಕುಹಕ ಅವಳಿಗೂ ತಿಳಿದಿತ್ತು. ಆದರೂ ಕರೆದರೆ ಓ ಅನ್ನುತ್ತಿದ್ದಳು.

ಗಿಣಿ ವಿಶ್ವವಿದ್ಯಾಲಯದಲ್ಲಿ ಓದಿದ್ದು ಏಷ್ಯಾದ ಭಾಷೆಗಳು ಮತ್ತು ಸಂಸ್ಕೃತಿಗಳು. ‘ಅದನ್ನ ಓದಿ ಯಾರ ಹತ್ರ ಮಾತಾಡ್ತೀಯೇ, ಗೋಡೆ ಹತ್ರಾನಾ?’ ಎಂದು ಸೋದರಮಾವ ನಕ್ಕಿದ್ದ. ಮೂರನೆಯ ಮಹಡಿಯ ಮೂಲೆ ಕೋಣೆ, ಒಂಬತ್ತೇ ವಿದ್ಯಾರ್ಥಿಗಳು, ಕಾಲು ಮುರಿದ ಮೇಜಿಗೆ ಹಳೆಯ ನಿಘಂಟಿನ ಆಸರೆ. ಎರಡನೆಯ ವರ್ಷ ಕೊರಿಯನ್ ಕಲಿಸುವ ಮೇಡಂ ಒಂದು ದಿನ ಅಲ್ಲಿಯ ಪಾನ್ಸೋರಿ ಎಂಬ ಹಾಡುಗತೆ ಕೇಳಿಸಿದರು. ಒಬ್ಬ ಹಾಡುಗಾರ್ತಿ, ಒಬ್ಬ ಡೋಲಿನವ, ಗಂಟೆಗಟ್ಟಲೆ ಒಂದೇ ಕತೆ. ಗಂಟಲು ಹರಿದುಕೊಂಡು ಬರುವ ಆ ದನಿಯನ್ನು ಗಿಣಿ ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದಳು. ಸಂಶೋಧನೆ ಮಾಡಿದರೆ ಇದರ ಮೇಲೇ ಎಂದು ಅವತ್ತೇ ನಿಶ್ಚಯಿಸಿದಳು. ಅಷ್ಟರಲ್ಲಿ ಅಪ್ಪ ಹಾಸಿಗೆ ಹಿಡಿದ. ಕಾರ್ಖಾನೆ ದುಭಾಷಿಯ ಕೆಲಸ ಕೊಟ್ಟಿತು. ಕೊಡುವಾಗಲೇ ಒರಿಜಿನಲ್ ಸರ್ಟಿಫಿಕೇಟು ಇಸಿದುಕೊಂಡು ಮ್ಯಾನೇಜರನ ಬೀರುವಿನಲ್ಲಿಟ್ಟು ಬೀಗ ಜಡಿಯಿತು. ಕಾಗದ ಒಳಗಿದ್ದರೆ ಮನುಷ್ಯ ಹೊರಗೆ ಹೋಗುವುದಿಲ್ಲ ಎಂಬ ಹಳೆಯ ಉಪಾಯ.

ನಾಲ್ಕು ವರ್ಷದ ಮೇಲೆ ಈಗ ಸಂಶೋಧನೆಯ ಸೀಟು ಸಿಕ್ಕಿತ್ತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಒರಿಜಿನಲ್ ತೋರಿಸಬೇಕು, ಇಲ್ಲವಾದರೆ ಸೀಟು ಮುಂದಿನವರ ಪಾಲು. ಅದೇ ವಾರ ಅಂಟು ಬಳಿಯುವ ಶೆಡ್ಡಿನ ಹೆಂಗಸರು ಕೈ ಕಟ್ಟಿ ಕೂತುಬಿಟ್ಟರು.

‘ಶನಿವಾರದ ಮಾತುಕತೆ ಸಲೀಸಾಗಿ ಮುಗಿಸಿಕೊಡಮ್ಮ, ಸಂಜೆ ಬೀರು ತೆಗೀತೀನಿ,’ ಎಂದ ಮ್ಯಾನೇಜರ. ‘ಸಲೀಸಾಗಿ ಅಂದ್ರೆ ಗೊತ್ತಲ್ಲ? ನೀನು ಯಾವಾಗ್ಲೂ ಮಾಡೋ ಹಾಗೆ.’

ಯಾವಾಗಲೂ ಮಾಡುತ್ತಿದ್ದುದು ಇಷ್ಟು. ಸಾಹೇಬ ‘ಈ ಸೋಮಾರಿ ದನಗಳನ್ನು ಓಡಿಸಿ’ ಎಂದರೆ ಗಿಣಿ ‘ಸ್ವಲ್ಪ ಬೇಗ ಆಗ್ಲಿ’ ಎನ್ನುವಳು. ಹೆಂಗಸರು ‘ಅವನ ಬಾಯಿಗೆ ಮಣ್ಣು ಹಾಕ, ಉಸಿರು ಕಟ್ಟಿ ಸಾಯ್ತಿದೀವಿ’ ಎಂದರೆ ‘ಸ್ವಲ್ಪ ವಾಸನೆ ಇದೆ’ ಎನ್ನುವಳು. ಜಗಳ ತಪ್ಪಿಸಿದೆ ಎಂದುಕೊಂಡಿದ್ದಳು. ತಪ್ಪಿದ್ದು ಜಗಳವಲ್ಲ, ಗಾಳಿ ಎಳೆಯುವ ಫ್ಯಾನು. ಅದು ಬೇಕೆಂಬ ಸಂಗತಿಯೇ ಸಾಹೇಬನ ಕಿವಿಗೆ ನಾಲ್ಕು ವರ್ಷ ಬಿದ್ದಿರಲಿಲ್ಲ. ತಾನಾಗಿ ಕೇಳುವ ದರ್ದು ಅವನಿಗೂ ಇರಲಿಲ್ಲ, ಅದು ಬೇರೆ ಮಾತು.

ಶನಿವಾರ ಮೇಜಿನ ಒಂದು ಕಡೆ ಸಾಹೇಬ, ಮ್ಯಾನೇಜರ, ಅವರ ಪಕ್ಕಕ್ಕೆ ಗಿಣಿ. ಎದುರಿಗೆ ಶೆಡ್ಡಿನ ದೊಡ್ಡಕ್ಕ, ಹದಿನೆಂಟು ವರ್ಷ ಅಂಟು ಬಳಿದು ಬೆರಳ ಗೆರೆ ಅಳಿಸಿಕೊಂಡವಳು. ಕೂರುವ ಮೊದಲೇ ಅವಳು ಗಿಣಿಯ ಮೊಣಕೈ ಹಿಡಿದಿದ್ದಳು.

‘ನೋಡೇ, ಇವತ್ತು ಉಪ್ಪು ಖಾರ ಕಮ್ಮಿ ಮಾಡಿ ಬಡಿಸ್ಬೇಡ. ನಾನು ಹೇಳಿದ್ದು ಹೇಳಿದ ಹಾಗೇ ಹೋಗ್ಬೇಕು.’

‘ಅಕ್ಕಾ, ನನ್ನ ಸರ್ಟಿಫಿಕೇಟು...’

‘ಗೊತ್ತು ಕಣೇ. ನನ್ನ ಎದೆಗೂಡೂ ಅವರ ಬೀರುನಲ್ಲೇ ಇದೆ.’

ದುಭಾಷಿಯಾದವಳು ‘ಅವಳು ಹೀಗಂತಾಳೆ’ ಅನ್ನಕೂಡದು. ಯಾರ ಮಾತೋ ಅವರೇ ಆಗಿ ‘ನಾನು’ ಎಂದೇ ಹೇಳಬೇಕು. ಮೇಡಂ ತಲೆಗೆ ಮೊಟಕಿ ಕಲಿಸಿದ ಪಾಠ. ದೊಡ್ಡಕ್ಕ ಒಂದೊಂದು ಮಾತು ಆಡಿದ ಹಾಗೆ ಗಿಣಿ ಕೊರಿಯನ್ನಿನಲ್ಲಿ ಹೇಳುತ್ತಾ ಹೋದಳು. ‘ನಾನು ಮೂರು ಸಲ ತಲೆಸುತ್ತಿ ಬಿದ್ದೆ. ಒಲೆಯ ಮೇಲಿಟ್ಟದ್ದು ಸೀದು ಕರಕಲಾದರೂ ನನ್ನ ಮೂಗಿಗೆ ತಿಳಿಯುವುದಿಲ್ಲ. ದನದ ಕೊಟ್ಟಿಗೆಗೂ ಒಂದು ಕಿಟಕಿ ಇರುತ್ತದೆ.’ ಮ್ಯಾನೇಜರನಿಗೆ ಕೊರಿಯನ್ ಬರದಿದ್ದರೂ ಸಾಹೇಬನ ಮುಖ ಓದಲು ಬರುತ್ತಿತ್ತು. ಮೇಜಿನಡಿ ಗಿಣಿಯ ಕಾಲು ತುಳಿದ. ಅವಳು ನಿಲ್ಲಿಸಲಿಲ್ಲ.

ಸಾಹೇಬ ‘ತಿಂಗಳೊಳಗೆ ಎಂಟು ಫ್ಯಾನು’ ಎಂದ. ಧರ್ಮಬುದ್ಧಿ ಬಂದು ಅಲ್ಲ. ಮೂರು ದಿನದಿಂದ ಒಂದು ಜೊತೆ ಬೂಟೂ ಹೊರಬಿದ್ದಿರಲಿಲ್ಲ. ಆಮೇಲೆ ಇನ್ನೊಂದು ಮಾತು: ‘ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ಹೇಳಿರಲಿಲ್ಲ. ಸೋಮವಾರದಿಂದ ಈ ಹುಡುಗಿ ದಿನವಿಡೀ ಶೆಡ್ಡಿನಲ್ಲೇ ಇರಲಿ.’

ಅದನ್ನೂ ಗಿಣಿಯೇ ಎಲ್ಲರಿಗೂ ಹೇಳಬೇಕಾಯಿತು. ಹೇಳಿ ಮುಗಿಸಿ, ಸಾಹೇಬನ ಭಾಷೆಯಲ್ಲಿ ಅಂದಳು: ‘ನಾನು ಸೋಮವಾರ ಬರುವುದಿಲ್ಲ. ಕೆಲಸ ಬಿಡುತ್ತೇನೆ.’

ಆ ‘ನಾನು’ ದೊಡ್ಡಕ್ಕನದೆಂದೇ ತಿಳಿದು ಸಾಹೇಬ ಅವಳ ಕಡೆಗೆ ಕಣ್ಣು ಕೆಂಪಗೆ ಮಾಡಿದ. ‘ಫ್ಯಾನು ಕೊಟ್ಟ ಮೇಲೂ ಸೊಕ್ಕೇ? ಬಿಡಲಿ. ಇವತ್ತೇ ಹೋಗಲಿ.’ ಬರೆದುಕೋ ಎಂದು ಮ್ಯಾನೇಜರನ ಕಡೆ ಬೆರಳಾಡಿಸಿದ.

‘ಅವಳಲ್ಲ, ಅವಳಲ್ಲ!’ ಗಿಣಿ ಕುರ್ಚಿಯಿಂದ ಅರ್ಧ ಎದ್ದಳು.

‘ಮತ್ತೆ ಯಾರು?’

‘ದುಭಾಷಿ,’ ಎಂದಳು, ಪಕ್ಕದ ಮನೆಯವಳ ಸುದ್ದಿ ಹೇಳುವವಳ ಹಾಗೆ.

ಸಾಹೇಬ ಜೋರಾಗಿ ನಕ್ಕ. ‘ಅವಳನ್ನು ಮಾತ್ರ ಬಿಡುವುದಿಲ್ಲ.’

‘ಏನಂತೇ ಅವನು?’ ದೊಡ್ಡಕ್ಕ ಕೇಳಿದಳು.

‘ನನ್ನನ್ನ ಬಿಡಲ್ಲ ಅಂತೆ ಅಕ್ಕ.’

‘ಒಳ್ಳೇದೇ ಆಯ್ತು ಬಿಡು. ನೀನು ಹೋದ್ರೆ ಆ ಎಂಟು ಫ್ಯಾನು ಎರಡಾಗುತ್ತೆ. ನಿನ್ನ ಸೀಟು ಬರೋ ವರ್ಷಾನೂ ಇರುತ್ತೆ ಕಣೇ.’ ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಗೆದ್ದ ಖುಷಿಯಲ್ಲಿ ಅಂದದ್ದು, ಅಷ್ಟೇ.

ಹೊರಗೆ ಹೆಂಗಸರ ಕೇಕೆ ಎದ್ದಿತು. ಮ್ಯಾನೇಜರ ಬೀಗದ ಕೈ ಜೇಬಿಗೆ ಇಳಿಸಿ, ‘ಸಲೀಸಾಗಿ ಅಂದಿದ್ದೆ,’ ಎಂದು ಹೊರಟುಹೋದ.

ಸೋಮವಾರ ಹತ್ತು ಗಂಟೆಗೆ ಗಿಣಿ ಅಂಟು ಶೆಡ್ಡಿನ ಗೋಡೆಗೆ ಅಳತೆ ಟೇಪಿನ ಒಂದು ತುದಿ ಒತ್ತಿ ಹಿಡಿದು ನಿಂತಿದ್ದಳು. ಫ್ಯಾನಿನ ಜಾಗ ಗುರುತಿಸಲು ಇನ್ನೊಂದು ತುದಿ ಸಾಹೇಬ ಹಿಡಿದಿದ್ದ. ಮೂಗು ಉರಿಯುತ್ತಿತ್ತು.

‘ಇನ್ನೂ ಎಡಕ್ಕೆ ಅನ್ನೇ ಅವನಿಗೆ,’ ಎಂದಳು ದೊಡ್ಡಕ್ಕ.

ಗಿಣಿ ಇನ್ನೂ ಎಡಕ್ಕೆ ಎಂದಳು.